ಪ್ರಿವೆಂಟ್ ಡಿಫೆನ್ಸ್

ಪ್ರಿವೆಂಟ್ ಡಿಫೆನ್ಸ್ ಎಂಬುದು ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಮುನ್ನಡೆಯಲ್ಲಿರುವ ತಂಡವು ಪಂದ್ಯದ ಅಥವಾ ಅರ್ಧಾವಧಿಯ ಕೊನೆಯ ನಿಮಿಷಗಳಲ್ಲಿ ಅನುಸರಿಸುವ ಒಂದು ರಕ್ಷಣಾ ತಂತ್ರ. ಎದುರಾಳಿಯು ಒಂದೇ ಎಸೆತದಲ್ಲಿ ದೀರ್ಘ ದೂರವನ್ನು ಕ್ರಮಿಸಿ ಅಂಕ ಗಳಿಸುವುದನ್ನು ತಡೆಯುವುದು ಇದರ ಮುಖ್ಯ ಉದ್ದೇಶ. ಇದಕ್ಕಾಗಿ ರಕ್ಷಣಾ ತಂಡವು ತನ್ನ ಹೆಚ್ಚಿನ ಆಟಗಾರರನ್ನು ಮೈದಾನದ ಹಿಂಭಾಗದಲ್ಲಿ ನಿಲ್ಲಿಸುತ್ತದೆ. ಸಣ್ಣ ಎಸೆತಗಳನ್ನೂ ಅಲ್ಪ ದೂರದ ಓಟಗಳನ್ನೂ ಬೇಕೆಂದೇ ಬಿಟ್ಟುಕೊಡುತ್ತದೆ. ನೆಲವನ್ನು ಬಿಟ್ಟುಕೊಟ್ಟು ಸಮಯವನ್ನು ಗಳಿಸಿಕೊಳ್ಳುವುದು ಈ ತಂತ್ರದ ತಿರುಳು.

ಕ್ರಿಕೆಟ್ ಬಲ್ಲ ಓದುಗರು ಇದನ್ನು ಕೊನೆಯ ಓವರುಗಳಲ್ಲಿ ಕ್ಷೇತ್ರರಕ್ಷಕರನ್ನು ಬೌಂಡರಿ ಗೆರೆಗೆ ಕಳುಹಿಸಿ, ಒಂಟಿ ರನ್ನುಗಳನ್ನು ಬಿಟ್ಟುಕೊಟ್ಟು, ನಾಲ್ಕು–ಆರುಗಳನ್ನು ತಡೆಯುವ ಕ್ರಮಕ್ಕೆ ಹೋಲಿಸಬಹುದು. ಆದರೆ ಕ್ರಿಕೆಟ್‌ನಲ್ಲಿ ಉಳಿದ ಎಸೆತಗಳ ಸಂಖ್ಯೆ ನಿಶ್ಚಿತವಾಗಿರುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಡಿಯಾರವನ್ನು ನಿಲ್ಲಿಸುವ ಉಪಾಯಗಳು ಎದುರಾಳಿಯ ಕೈಯಲ್ಲಿಯೂ ಇರುವುದರಿಂದ ಇಲ್ಲಿನ ಲೆಕ್ಕಾಚಾರ ಹೆಚ್ಚು ಜಟಿಲವಾದುದು. ಈ ತಂತ್ರವು ಆಟದ ಇತಿಹಾಸದಲ್ಲಿ ಅತಿ ಹೆಚ್ಚು ಟೀಕೆಗೆ ಒಳಗಾದ ತಂತ್ರಗಳಲ್ಲಿ ಒಂದಾಗಿದ್ದರೂ ಇಂದಿಗೂ ಬಳಕೆಯಲ್ಲಿದೆ.

## ಹಿನ್ನೆಲೆ: ಆಟದ ನಿಯಮಗಳು

ಈ ತಂತ್ರವನ್ನು ಅರ್ಥಮಾಡಿಕೊಳ್ಳಲು ಆಟದ ಕೆಲವು ಮೂಲ ನಿಯಮಗಳು ತಿಳಿದಿರಬೇಕು. ಮೈದಾನವು 100 ಗಜ ಉದ್ದವಿದ್ದು, ಎರಡೂ ತುದಿಗಳಲ್ಲಿ ತಲಾ 10 ಗಜಗಳ ಎಂಡ್ ಝೋನ್ ಇರುತ್ತದೆ. ಪ್ರತಿ ತಂಡದಿಂದ ಒಂದು ಬಾರಿಗೆ 11 ಮಂದಿ ಆಡುತ್ತಾರೆ. ಚೆಂಡನ್ನು ಹೊಂದಿರುವ ತಂಡಕ್ಕೆ 10 ಗಜ ಮುಂದುವರಿಯಲು ನಾಲ್ಕು ಅವಕಾಶಗಳು ದೊರೆಯುತ್ತವೆ. ಇವುಗಳಿಗೆ ‘ಡೌನ್’ ಎಂದು ಹೆಸರು. 10 ಗಜ ದಾಟಿದರೆ ಹೊಸದಾಗಿ ನಾಲ್ಕು ಡೌನ್‌ಗಳು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ.

ಚೆಂಡನ್ನು ಎಂಡ್ ಝೋನ್‌ಗೆ ಒಯ್ದರೆ ಟಚ್‌ಡೌನ್. ಅದಕ್ಕೆ 6 ಅಂಕ. ಅದರ ಬಳಿಕ ಒದ್ದು 1 ಅಂಕವನ್ನೋ, ಮತ್ತೊಮ್ಮೆ ಎಂಡ್ ಝೋನ್ ತಲುಪಿ 2 ಅಂಕಗಳನ್ನೋ ಹೆಚ್ಚುವರಿಯಾಗಿ ಪಡೆಯಬಹುದು. ಕಂಬಗಳ ನಡುವೆ ಚೆಂಡನ್ನು ಒದೆಯುವ ಫೀಲ್ಡ್ ಗೋಲ್‌ಗೆ 3 ಅಂಕ. ಚೆಂಡು ಹೊಂದಿದವನು ತನ್ನದೇ ಎಂಡ್ ಝೋನ್‌ನಲ್ಲಿ ಸಿಕ್ಕಿಬಿದ್ದರೆ ಅದು ‘ಸೇಫ್ಟಿ’. ಎದುರಾಳಿಗೆ 2 ಅಂಕ.

ವೃತ್ತಿಪರ ಲೀಗ್ ಆದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಪಂದ್ಯವು 15 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಪ್ರತಿ ತಂಡಕ್ಕೂ ಒಂದು ಅರ್ಧಾವಧಿಗೆ ಮೂರು ಟೈಮ್‌ಔಟ್‌ಗಳಿವೆ. ಪ್ರತಿ ಅರ್ಧಾವಧಿಯಲ್ಲಿ ಎರಡು ನಿಮಿಷ ಉಳಿದಾಗ ‘ಎರಡು ನಿಮಿಷಗಳ ಎಚ್ಚರಿಕೆ’ಗಾಗಿ ಆಟ ನಿಲ್ಲುತ್ತದೆ. ಎಸೆತವು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಮೊದಲ ಅರ್ಧಾವಧಿಯ ಕೊನೆಯ ಎರಡು ನಿಮಿಷಗಳಲ್ಲಿ ಹಾಗೂ ಪಂದ್ಯದ ಕೊನೆಯ ಐದು ನಿಮಿಷಗಳಲ್ಲಿ, ಚೆಂಡು ಹಿಡಿದವನು ಪಕ್ಕದ ಗೆರೆಯನ್ನು ದಾಟಿ ಹೊರಹೋದರೆ ಮುಂದಿನ ಆಟ ಆರಂಭವಾಗುವವರೆಗೂ ಗಡಿಯಾರ ನಿಂತಿರುತ್ತದೆ. ಮೈದಾನದೊಳಗೆ ಅವನನ್ನು ಕೆಡವಿದರೆ ಮಾತ್ರ ಗಡಿಯಾರ ಓಡುತ್ತಲೇ ಇರುತ್ತದೆ. ಪ್ರಿವೆಂಟ್ ಡಿಫೆನ್ಸ್‌ನ ಇಡೀ ತರ್ಕವು ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಕಾಲೇಜು ಮಟ್ಟದಲ್ಲಿ ಬಹುಕಾಲ ಪ್ರತಿ ಹೊಸ ಫಸ್ಟ್ ಡೌನ್‌ಗೂ ಗಡಿಯಾರವನ್ನು ಕ್ಷಣಕಾಲ ನಿಲ್ಲಿಸಲಾಗುತ್ತಿತ್ತು. 2023ರ ಋತುವಿನಿಂದ ಉನ್ನತ ವಿಭಾಗಗಳಲ್ಲಿ ಈ ನಿಲುಗಡೆಯು ಪ್ರತಿ ಅರ್ಧಾವಧಿಯ ಕೊನೆಯ ಎರಡು ನಿಮಿಷಗಳಿಗೆ ಸೀಮಿತವಾಯಿತು. ಆ ಎರಡು ನಿಮಿಷಗಳಲ್ಲಿ ಕಾಲೇಜು ತಂಡಕ್ಕೆ ವೃತ್ತಿಪರ ತಂಡಕ್ಕಿಂತ ಸ್ವಲ್ಪ ಹೆಚ್ಚು ಉಸಿರಾಟದ ಅವಕಾಶವಿದೆ.

## ಮುನ್ನಡೆಯ ಗಾತ್ರ ಮತ್ತು ಲೆಕ್ಕಾಚಾರ

ಮುನ್ನಡೆಯನ್ನು ಹೇಗೆ ಕಾಯಬೇಕೆಂಬುದು ಆ ಮುನ್ನಡೆ ಎಷ್ಟು ಅಂಕಗಳದು ಎಂಬುದನ್ನು ಅವಲಂಬಿಸಿದೆ.

1ರಿಂದ 3 ಅಂಕಗಳ ಮುನ್ನಡೆ: ಒಂದು ಫೀಲ್ಡ್ ಗೋಲ್ ಪಂದ್ಯವನ್ನು ಸಮ ಮಾಡಬಲ್ಲದು ಅಥವಾ ಗೆಲ್ಲಿಸಬಲ್ಲದು. ಒದೆಯುವ ಸ್ಥಳವು ಆಟದ ಗೆರೆಗಿಂತ ಏಳೆಂಟು ಗಜ ಹಿಂದಿರುತ್ತದೆ. ಕಂಬಗಳು ಎಂಡ್ ಝೋನ್‌ನ ಹಿಂದಿನ ಅಂಚಿನಲ್ಲಿರುತ್ತವೆ. ಆದ್ದರಿಂದ ಗೋಲ್ ಗೆರೆಯಿಂದ 32 ಗಜ ದೂರ ತಲುಪಿದ ತಂಡವು ಸುಮಾರು 50 ಗಜಗಳ ಒದೆತವನ್ನು ಪ್ರಯತ್ನಿಸಬಹುದು. ಅಂದರೆ ತನ್ನ 25 ಗಜದ ಗೆರೆಯಿಂದ ಹೊರಟ ತಂಡಕ್ಕೆ 43 ಗಜಗಳಷ್ಟೇ ಸಾಕು. ಇಂತಹ ಸಂದರ್ಭದಲ್ಲಿ ಸಣ್ಣ ಎಸೆತಗಳನ್ನು ಧಾರಾಳವಾಗಿ ಬಿಟ್ಟುಕೊಡುವುದು ಅಪಾಯಕಾರಿ.

4ರಿಂದ 8 ಅಂಕಗಳ ಮುನ್ನಡೆ: ಎದುರಾಳಿಗೆ ಟಚ್‌ಡೌನ್ ಬೇಕೇ ಬೇಕು. ಪ್ರಿವೆಂಟ್ ಡಿಫೆನ್ಸ್‌ಗೆ ಇದು ಸಹಜವಾದ ಸನ್ನಿವೇಶ. ಮೈದಾನದ ನಡುಭಾಗವನ್ನು ಬಿಟ್ಟುಕೊಟ್ಟರೂ ಕೊನೆಯ 20 ಗಜಗಳಲ್ಲಿ ಜಾಗ ಕಿರಿದಾಗುವುದರಿಂದ ರಕ್ಷಣೆಗೆ ಮತ್ತೊಂದು ಅವಕಾಶ ಸಿಗುತ್ತದೆ.

9 ಅಥವಾ ಹೆಚ್ಚಿನ ಅಂಕಗಳ ಮುನ್ನಡೆ: ಎದುರಾಳಿಯು ಎರಡು ಬಾರಿ ಅಂಕ ಗಳಿಸಬೇಕು. ಎದುರಾಳಿಯು ಅಂಕ ಗಳಿಸಿದರೂ ಚಿಂತೆಯಿಲ್ಲ, ಆದರೆ ಬೇಗನೆ ಗಳಿಸಬಾರದು ಎಂಬುದು ಇಲ್ಲಿನ ನಿಲುವು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಎದುರಾಳಿಗೆ 75 ಗಜ ಕ್ರಮಿಸಬೇಕಾಗಿದೆ, 100 ಸೆಕೆಂಡು ಉಳಿದಿದೆ, ಟೈಮ್‌ಔಟ್ ಇಲ್ಲ ಎಂದುಕೊಳ್ಳೋಣ. ತಲಾ 12 ಗಜಗಳ ಐದು ಎಸೆತಗಳು ಯಶಸ್ವಿಯಾಗಿ, ಐದರಲ್ಲಿಯೂ ಆಟಗಾರನು ಮೈದಾನದೊಳಗೇ ಬಿದ್ದು, ಪ್ರತಿಯೊಂದಕ್ಕೂ 20 ಸೆಕೆಂಡು ತಗುಲಿದರೆ, ತಂಡವು 60 ಗಜ ಮುಂದುವರಿದಾಗ ಸಮಯ ಮುಗಿದಿರುತ್ತದೆ. ಗೆಲುವು ರಕ್ಷಣಾ ತಂಡದ್ದು. ಅದೇ ಐದು ಎಸೆತಗಳಲ್ಲಿ ಮೂರು ಪಕ್ಕದ ಗೆರೆಯಾಚೆ ಮುಗಿದು ಅವಕ್ಕೆ ತಲಾ 7 ಸೆಕೆಂಡು ಸಾಕಾದರೆ, ಒಟ್ಟು 61 ಸೆಕೆಂಡು ಮಾತ್ರ ವ್ಯಯವಾಗಿ, ಉಳಿದ 15 ಗಜಗಳಿಗೆ ಇನ್ನೂ 39 ಸೆಕೆಂಡು ಮಿಕ್ಕಿರುತ್ತದೆ. ಬಿಟ್ಟುಕೊಟ್ಟ ಗಜಗಳು ಎರಡೂ ಕಡೆ ಒಂದೇ; ಫಲಿತಾಂಶ ಬೇರೆ. ಆದುದರಿಂದ ಎಷ್ಟು ದೂರ ಬಿಟ್ಟುಕೊಟ್ಟೆವು ಎಂಬುದಕ್ಕಿಂತ ಅದನ್ನು ಮೈದಾನದ ಯಾವ ಭಾಗದಲ್ಲಿ ಬಿಟ್ಟುಕೊಟ್ಟೆವು ಎಂಬುದೇ ಮುಖ್ಯ.

## ಆಟಗಾರರ ವಿನ್ಯಾಸ

ಸಾಮಾನ್ಯ ರಕ್ಷಣಾ ವಿನ್ಯಾಸದಲ್ಲಿ ಮುಂಚೂಣಿಯ ಲೈನ್‌ಮನ್‌ಗಳು ಮತ್ತು ಅವರ ಹಿಂದಿನ ಲೈನ್‌ಬ್ಯಾಕರ್‌ಗಳು ಸೇರಿ ಏಳು ಮಂದಿ, ಅವರ ಹಿಂದೆ ನಾಲ್ವರು ಡಿಫೆನ್ಸಿವ್ ಬ್ಯಾಕ್‌ಗಳು (ಇಬ್ಬರು ಕಾರ್ನರ್‌ಬ್ಯಾಕ್ ಮತ್ತು ಇಬ್ಬರು ಸೇಫ್ಟಿ) ಇರುವುದು ವಾಡಿಕೆ. ಎಸೆತವನ್ನು ನಿರೀಕ್ಷಿಸುವಾಗ ನಿಧಾನಗತಿಯ ಭಾರೀ ಆಟಗಾರರನ್ನು ಹೊರತೆಗೆದು ವೇಗದ ಬ್ಯಾಕ್‌ಗಳನ್ನು ಒಳತರಲಾಗುತ್ತದೆ. ಐವರು ಬ್ಯಾಕ್‌ಗಳಿರುವ ವಿನ್ಯಾಸಕ್ಕೆ ಐದು ಸೆಂಟ್ ನಾಣ್ಯದ ಹೆಸರಿನಿಂದ ‘ನಿಕಲ್’ ಎಂದೂ, ಆರು ಮಂದಿ ಇದ್ದರೆ ಹತ್ತು ಸೆಂಟ್ ನಾಣ್ಯದ ಹೆಸರಿನಿಂದ ‘ಡೈಮ್’ ಎಂದೂ, ಏಳು ಮಂದಿ ಇದ್ದರೆ ಇಪ್ಪತ್ತೈದು ಸೆಂಟ್ ನಾಣ್ಯದ ಹೆಸರಿನಿಂದ ‘ಕ್ವಾರ್ಟರ್’ ಎಂದೂ ಕರೆಯುತ್ತಾರೆ. ಪ್ರಿವೆಂಟ್ ಡಿಫೆನ್ಸ್‌ನಲ್ಲಿ ಡೈಮ್ ಅಥವಾ ಕ್ವಾರ್ಟರ್ ವಿನ್ಯಾಸವೇ ಹೆಚ್ಚು.

ಈ ಆಟಗಾರರು ಸಾಮಾನ್ಯವಾಗಿ ವಲಯ ರಕ್ಷಣೆಯನ್ನು (ಝೋನ್) ಅನುಸರಿಸುತ್ತಾರೆ. ಅಂದರೆ ಪ್ರತಿಯೊಬ್ಬನೂ ಒಬ್ಬ ಎದುರಾಳಿಯ ಬೆನ್ನು ಹತ್ತುವ ಬದಲು ಮೈದಾನದ ಒಂದು ಭಾಗವನ್ನು ಕಾಯುತ್ತಾನೆ. ಹಿಂಭಾಗವನ್ನು ಮೂವರು ಅಥವಾ ನಾಲ್ವರು ಸಮನಾಗಿ ಹಂಚಿಕೊಂಡು ಆಟದ ಗೆರೆಯಿಂದ ಬಹಳ ದೂರದಲ್ಲಿ ನಿಲ್ಲುತ್ತಾರೆ. ನಾಲ್ಕೈದು ಮಂದಿ ಅವರ ಮುಂದಿನ ವಲಯಗಳನ್ನು ನೋಡಿಕೊಳ್ಳುತ್ತಾರೆ. ಎಸೆಯುವವನಾದ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಗಲು ಉಳಿಯುವವರು ಮೂವರೋ ನಾಲ್ವರೋ ಮಾತ್ರ.

## ಕಾರ್ಯವಿಧಾನ

ಈ ತಂತ್ರವನ್ನು ಆಡುವವರಿಗೆ ತರಬೇತುದಾರರು ಕಲಿಸುವ ಸೂತ್ರಗಳು ಸರಳವಾದವು.

ಮೊದಲನೆಯದು, ಯಾವ ರಿಸೀವರ್ ಕೂಡ ಕೊನೆಯ ರಕ್ಷಕನನ್ನು ದಾಟಿ ಹಿಂದಕ್ಕೆ ಹೋಗಬಾರದು. ಆಟವೆಲ್ಲ ರಕ್ಷಕನ ಕಣ್ಣೆದುರಿಗೇ ನಡೆಯಬೇಕು.

ಎರಡನೆಯದು, ಚೆಂಡು ಹಿಡಿದವನನ್ನು ಮೈದಾನದೊಳಗೇ ಕೆಡವಬೇಕು. ಇದಕ್ಕಾಗಿ ರಕ್ಷಕರು ಪಕ್ಕದ ಗೆರೆಗಳ ಕಡೆಯಿಂದ ಒಳಮುಖವಾಗಿ ನಿಂತು, ಎಸೆತವನ್ನು ನಡುಭಾಗಕ್ಕೆ ತಳ್ಳುತ್ತಾರೆ.

ಮೂರನೆಯದು, ಕೆಡವುವಿಕೆ ಖಚಿತವಾಗಿರಬೇಕು. ಚೆಂಡನ್ನು ಕಸಿಯುವ ಅಥವಾ ಭರ್ಜರಿ ಹೊಡೆತ ನೀಡುವ ಆಸೆಯಿಂದ ಹಿಡಿತ ತಪ್ಪಿದರೆ ಹಿಂದೆ ಸಹಾಯಕ್ಕೆ ಯಾರೂ ಇರಲಾರರು.

ನಾಲ್ಕನೆಯದು, ದಂಡನೆಗೆ ಒಳಗಾಗಬಾರದು. ಎನ್‌ಎಫ್‌ಎಲ್‌ನಲ್ಲಿ ಎಸೆತಕ್ಕೆ ಅಕ್ರಮವಾಗಿ ಅಡ್ಡಿಪಡಿಸಿದರೆ ತಪ್ಪು ನಡೆದ ಜಾಗಕ್ಕೇ ಚೆಂಡನ್ನು ಒಯ್ಯಲಾಗುತ್ತದೆ. ಅಂದರೆ ಚೆಂಡು ಹಿಡಿಯದೆಯೇ 40–50 ಗಜ ದೊರೆಯಬಹುದು. ಅಲ್ಲದೆ ರಕ್ಷಣಾ ತಂಡದ ತಪ್ಪಿನ ದಂಡನೆಯನ್ನು ಎದುರಾಳಿ ಸ್ವೀಕರಿಸಿದರೆ, ಸಮಯ ಮುಗಿದಿದ್ದರೂ ಗಡಿಯಾರವಿಲ್ಲದ ಇನ್ನೊಂದು ಆಟಕ್ಕೆ ಅವಕಾಶವಿರುತ್ತದೆ.

ಪಂದ್ಯದ ಕೊನೆಯ ಕ್ಷಣದಲ್ಲಿ ಎದುರಾಳಿಯು ಎಂಡ್ ಝೋನ್‌ನತ್ತ ಗುಂಪಿನ ಮಧ್ಯಕ್ಕೆ ಎತ್ತರವಾಗಿ ಎಸೆಯುವ ಹತಾಶ ಎಸೆತಕ್ಕೆ ‘ಹೇಲ್ ಮೇರಿ’ ಎಂದು ಹೆಸರು. ಅದನ್ನು ಎದುರಿಸುವಾಗ ಚೆಂಡನ್ನು ಹಿಡಿಯಲು ಹೋಗದೆ ನೇರವಾಗಿ ನೆಲಕ್ಕೆ ಬಡಿಯಬೇಕೆಂದು ರಕ್ಷಕರಿಗೆ ಹೇಳಿಕೊಡಲಾಗುತ್ತದೆ. ಮೇಲಕ್ಕೋ ಪಕ್ಕಕ್ಕೋ ತಟ್ಟಿದ ಚೆಂಡು ಬಳಿಯಲ್ಲೇ ಕಾದಿರುವ ಎದುರಾಳಿಯ ಕೈಗೆ ಬೀಳುವ ಸಂಭವವಿರುತ್ತದೆ.

## ಇತಿಹಾಸ

ಮುಂದಕ್ಕೆ ಚೆಂಡು ಎಸೆಯುವುದು 1906ರಲ್ಲಿ ನಿಯಮಬದ್ಧವಾಯಿತು. 1933ರಲ್ಲಿ ಎನ್‌ಎಫ್‌ಎಲ್ ಆಟದ ಗೆರೆಯ ಹಿಂದಿನ ಯಾವುದೇ ಸ್ಥಳದಿಂದ ಎಸೆಯಲು ಅನುಮತಿ ನೀಡಿತು. ಎಸೆತವು ಆಟದ ಮುಖ್ಯ ಅಸ್ತ್ರವಾಗುತ್ತ ಬಂದಂತೆ ಹಿಂಭಾಗದ ರಕ್ಷಣೆಯ ಮಹತ್ವವೂ ಬೆಳೆಯಿತು. 1950ರಲ್ಲಿ ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಬದಲಾಯಿಸುವ ನಿಯಮವು ಶಾಶ್ವತವಾಗಿ ಜಾರಿಗೆ ಬಂದುದು ಇನ್ನೊಂದು ಮುಖ್ಯ ಹಂತ. ಒಂದೇ ಒಂದು ಸನ್ನಿವೇಶಕ್ಕೆ ತಕ್ಕ ವಿಶೇಷ ಆಟಗಾರರನ್ನು ಕಣಕ್ಕಿಳಿಸುವುದು ಇದರಿಂದ ಸಾಧ್ಯವಾಯಿತು. ಐದನೆಯ ಬ್ಯಾಕ್‌ನನ್ನು ಬಳಸುವ ನಿಕಲ್ ವಿನ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ತರಬೇತುದಾರ ಜಾರ್ಜ್ ಆಲನ್ ಪ್ರಮುಖರು.

1978ರಲ್ಲಿ ಎನ್‌ಎಫ್‌ಎಲ್ ಎರಡು ಬದಲಾವಣೆಗಳನ್ನು ತಂದಿತು. ಆಟದ ಗೆರೆಯಿಂದ ಐದು ಗಜಗಳಾಚೆ ರಿಸೀವರ್‌ನನ್ನು ರಕ್ಷಕರು ತಳ್ಳುವಂತಿಲ್ಲವೆಂದಾಯಿತು; ಎಸೆಯುವವನನ್ನು ಕಾಯುವ ಆಟಗಾರರು ಕೈಚಾಚಿ ತಡೆಯಲು ಅವಕಾಶ ದೊರೆಯಿತು. 2004ರಲ್ಲಿ ಮೊದಲ ನಿಯಮವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಲು ಲೀಗ್ ಸೂಚಿಸಿತು. ಈ ಬದಲಾವಣೆಗಳಿಂದ ಸಣ್ಣ ಮತ್ತು ಮಧ್ಯಮ ದೂರದ ಎಸೆತಗಳು ಸುಲಭವಾದವು. ರಕ್ಷಕರು ದೂರ ನಿಂತು ಬಿಟ್ಟುಕೊಡುವ ಜಾಗವನ್ನು ಚುರುಕಾದ ಕ್ವಾರ್ಟರ್‌ಬ್ಯಾಕ್‌ಗಳು ಮೊದಲಿಗಿಂತ ವೇಗವಾಗಿ ಬಳಸಿಕೊಳ್ಳತೊಡಗಿದರು. ಹೀಗಾಗಿ ಪ್ರಿವೆಂಟ್ ಡಿಫೆನ್ಸ್‌ನ ಬೆಲೆ ದುಬಾರಿಯಾಯಿತು.

## ಟೀಕೆ

ಪ್ರಿವೆಂಟ್ ಡಿಫೆನ್ಸ್ ತಡೆಯುವುದು ತನ್ನ ತಂಡದ ಗೆಲುವನ್ನು ಮಾತ್ರ ಎಂಬ ವ್ಯಂಗ್ಯೋಕ್ತಿ ಈ ಆಟದ ಅಭಿಮಾನಿಗಳ ನಡುವೆ ಬಹಳ ಪ್ರಚಲಿತವಾಗಿದೆ. ಟೀಕಾಕಾರರ ವಾದಗಳನ್ನು ಹೀಗೆ ಸಂಗ್ರಹಿಸಬಹುದು.

ಮೂರೇ ಮಂದಿ ಎರಗುವಾಗ ಕ್ವಾರ್ಟರ್‌ಬ್ಯಾಕ್‌ಗೆ ಧಾರಾಳ ಸಮಯ ಸಿಗುತ್ತದೆ. ಎಷ್ಟೇ ರಕ್ಷಕರಿದ್ದರೂ ಐದಾರು ಸೆಕೆಂಡುಗಳ ಕಾಲ ಎಲ್ಲರನ್ನೂ ಕಾಯುವುದು ಕಷ್ಟ. ಪಂದ್ಯವಿಡೀ ಒಂದು ರೀತಿಯ ಆಟದಿಂದ ಎದುರಾಳಿಯನ್ನು ಕಟ್ಟಿಹಾಕಿದ ತಂಡವು, ಗೆಲುವು ಸಮೀಪಿಸಿದಾಗ ಅದೇ ಆಟವನ್ನು ಕೈಬಿಟ್ಟು ತನಗೆ ಅಷ್ಟಾಗಿ ರೂಢಿಯಿಲ್ಲದ ವಿನ್ಯಾಸಕ್ಕೆ ಹೊರಳುವುದು ವಿಚಿತ್ರ. ಸಾಲು ಸಾಲಾಗಿ ಯಶಸ್ವಿಯಾಗುವ ಸಣ್ಣ ಎಸೆತಗಳು ಎದುರಾಳಿಯ ಆತ್ಮವಿಶ್ವಾಸವನ್ನು ಹೆಚ್ಚಿಸಿ, ರಕ್ಷಕರನ್ನು ದಣಿಸುತ್ತವೆ.

ಸಮರ್ಥಕರ ಉತ್ತರವೂ ಗಮನಾರ್ಹ. ಈ ತಂತ್ರ ಯಶಸ್ವಿಯಾದ ಪಂದ್ಯಗಳು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಎದುರಾಳಿಯು 40 ಗಜದ ಗೆರೆಯ ಬಳಿ ಇರುವಾಗ ಸಮಯ ಮುಗಿದು ಪಂದ್ಯ ಸದ್ದಿಲ್ಲದೆ ಕೊನೆಗೊಳ್ಳುತ್ತದೆ. ವಿಫಲವಾದವು ಮಾತ್ರ ದಶಕಗಳ ಕಾಲ ಚರ್ಚೆಯಾಗುತ್ತವೆ. ಆದ್ದರಿಂದ ಜನರ ನೆನಪನ್ನೇ ಆಧಾರವಾಗಿಟ್ಟು ತಂತ್ರವನ್ನು ಅಳೆಯುವುದು ನ್ಯಾಯವಲ್ಲ ಎಂಬುದು ಅವರ ನಿಲುವು.

## ಗಮನಾರ್ಹ ಪಂದ್ಯಗಳು

### ಡೆನ್ವರ್ – ಕ್ಲೀವ್‌ಲ್ಯಾಂಡ್, 1987

1987ರ ಜನವರಿ 11ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಕಾನ್ಫರೆನ್ಸ್ ಅಂತಿಮ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ 20–13ರಿಂದ ಮುಂದಿತ್ತು. ಸುಮಾರು ಐದೂವರೆ ನಿಮಿಷ ಉಳಿದಿರುವಾಗ ಡೆನ್ವರ್ ಬ್ರಾಂಕೋಸ್ ತನ್ನ 2 ಗಜದ ಗೆರೆಯಿಂದ ಆಟ ಆರಂಭಿಸಿತು. ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ 15 ಆಟಗಳಲ್ಲಿ 98 ಗಜ ಸಾಗಿ, 40 ಸೆಕೆಂಡಿಗೂ ಕಡಿಮೆ ಸಮಯ ಉಳಿದಿರುವಾಗ ಮಾರ್ಕ್ ಜಾಕ್ಸನ್‌ಗೆ ಟಚ್‌ಡೌನ್ ಎಸೆತ ನೀಡಿದರು. ಇದರ ನಡುವೆ ಮೂರನೆಯ ಡೌನ್‌ನಲ್ಲಿ 18 ಗಜ ಬೇಕಿದ್ದಾಗ 20 ಗಜಗಳ ಎಸೆತವೊಂದು ಯಶಸ್ವಿಯಾಯಿತು. ಹೆಚ್ಚುವರಿ ಅವಧಿಯಲ್ಲಿ ಡೆನ್ವರ್ 23–20ರಿಂದ ಗೆದ್ದಿತು. ಅಭಿಮಾನಿಗಳು ಈ ಸಾಗಾಟವನ್ನು ‘ದ ಡ್ರೈವ್’ ಎಂದೇ ಕರೆಯುತ್ತಾರೆ. ದೀರ್ಘ ದೂರವೇ ರಕ್ಷಣೆಗೆ ಸಾಕು ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು ನೀಡಿತು.

### ಬಾಸ್ಟನ್ ಕಾಲೇಜ್ – ಮಯಾಮಿ, 1984

1984ರ ನವೆಂಬರ್ 23ರಂದು ಮಯಾಮಿ ವಿಶ್ವವಿದ್ಯಾಲಯ ತಂಡವು 45–41ರಿಂದ ಮುಂದಿದ್ದು, 6 ಸೆಕೆಂಡು ಮಾತ್ರ ಉಳಿದಿತ್ತು. ಬಾಸ್ಟನ್ ಕಾಲೇಜ್‌ನ ಡಗ್ ಫ್ಲೂಟಿ ಎಸೆದ ದೀರ್ಘ ಎಸೆತವು ರಕ್ಷಕರನ್ನು ದಾಟಿ ಅವರ ಹಿಂದೆ ನಿಂತಿದ್ದ ಜೆರಾರ್ಡ್ ಫೆಲನ್ ಕೈ ಸೇರಿತು. ಬಾಸ್ಟನ್ ಕಾಲೇಜ್ 47–45ರಿಂದ ಗೆದ್ದಿತು. ಯಾರೂ ಬೆನ್ನಹಿಂದೆ ಹೋಗಬಾರದು ಎಂಬ ಮೊದಲ ಸೂತ್ರ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

### ಗ್ರೀನ್ ಬೇ – ಡೆಟ್ರಾಯಿಟ್, 2015

2015ರ ಡಿಸೆಂಬರ್ 3ರಂದು ಡೆಟ್ರಾಯಿಟ್ ಲಯನ್ಸ್ 23–21ರಿಂದ ಮುಂದಿರುವಾಗ ಸಮಯ ಮುಗಿಯಿತು. ಆದರೆ ಆ ಕೊನೆಯ ಆಟದಲ್ಲಿ ಲಯನ್ಸ್ ಆಟಗಾರನೊಬ್ಬನು ಎದುರಾಳಿಯ ಹೆಲ್ಮೆಟ್‌ನ ಮುಖಜಾಲರಿಯನ್ನು ಹಿಡಿದನೆಂದು ದಂಡನೆ ವಿಧಿಸಲಾಯಿತು. ಹೀಗೆ ದೊರೆತ ಗಡಿಯಾರವಿಲ್ಲದ ಒಂದು ಆಟದಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ಆರನ್ ರಾಜರ್ಸ್ ಎಸೆದ 61 ಗಜಗಳ ಎಸೆತವನ್ನು ರಿಚರ್ಡ್ ರಾಜರ್ಸ್ ಎಂಡ್ ಝೋನ್‌ನಲ್ಲಿ ಹಿಡಿದರು. ಪ್ಯಾಕರ್ಸ್ 27–23ರಿಂದ ಗೆದ್ದಿತು.

### ಮಿನ್ನೆಸೋಟಾ – ನ್ಯೂ ಆರ್ಲಿಯನ್ಸ್, 2018

2018ರ ಜನವರಿ 14ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ 24–23ರಿಂದ ಮುಂದಿತ್ತು. ಉಳಿದಿದ್ದು 10 ಸೆಕೆಂಡು. ಮಿನ್ನೆಸೋಟಾ ವೈಕಿಂಗ್ಸ್‌ನ ಕೇಸ್ ಕೀನಮ್ ಪಕ್ಕದ ಗೆರೆಯ ಬಳಿಗೆ ಎಸೆದ ಚೆಂಡನ್ನು ಸ್ಟೆಫಾನ್ ಡಿಗ್ಸ್ ಹಿಡಿದರು. ಅವರನ್ನು ಮೈದಾನದೊಳಗೆ ಕೆಡವಬೇಕಿದ್ದ ರಕ್ಷಕನ ಗುರಿ ತಪ್ಪಿ, ಡಿಗ್ಸ್ ಯಾರ ಅಡ್ಡಿಯೂ ಇಲ್ಲದೆ ಓಡಿ 61 ಗಜಗಳ ಟಚ್‌ಡೌನ್ ಗಳಿಸಿದರು. ಪಂದ್ಯ 29–24ಕ್ಕೆ ಮುಗಿಯಿತು.

### ಮಯಾಮಿ – ನ್ಯೂ ಇಂಗ್ಲೆಂಡ್, 2018

ಅದೇ ವರ್ಷದ ಡಿಸೆಂಬರ್ 9ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 33–28ರಿಂದ ಮುಂದಿತ್ತು. ಹೇಲ್ ಮೇರಿ ಎಸೆತವನ್ನು ನಿರೀಕ್ಷಿಸಿದ ತಂಡವು ಎತ್ತರದ ಕಾರಣಕ್ಕಾಗಿ ಆಕ್ರಮಣದ ಆಟಗಾರ ರಾಬ್ ಗ್ರಾಂಕೋವ್‌ಸ್ಕಿಯನ್ನು ಹಿಂಭಾಗದಲ್ಲಿ ನಿಲ್ಲಿಸಿತ್ತು. ಮಯಾಮಿ ಡಾಲ್ಫಿನ್ಸ್ ಹಾಗೆ ಎಸೆಯದೆ, ಸಣ್ಣ ಎಸೆತದ ಬಳಿಕ ಚೆಂಡನ್ನು ಒಬ್ಬರಿಂದೊಬ್ಬರಿಗೆ ಹಿಂದಕ್ಕೆ ಸಾಗಿಸುತ್ತ ಓಡಿತು. ಕೊನೆಗೆ ಕೆನ್ಯನ್ ಡ್ರೇಕ್ ಗ್ರಾಂಕೋವ್‌ಸ್ಕಿಯನ್ನು ತಪ್ಪಿಸಿ ಗೆರೆ ದಾಟಿದರು. ಡಾಲ್ಫಿನ್ಸ್ 34–33ರಿಂದ ಜಯಿಸಿತು.

### ಕ್ಯಾನ್ಸಸ್ ಸಿಟಿ – ಬಫಲೋ, 2022

2022ರ ಜನವರಿ 23ರಂದು ಬಫಲೋ ಬಿಲ್ಸ್ 13 ಸೆಕೆಂಡು ಉಳಿದಿರುವಾಗ 36–33ರ ಮುನ್ನಡೆ ಪಡೆಯಿತು. ಬಿಲ್ಸ್ ಒದ್ದ ಚೆಂಡು ಎಂಡ್ ಝೋನ್ ದಾಟಿ ಹೋದ ಕಾರಣ ಒಂದು ಸೆಕೆಂಡೂ ವ್ಯಯವಾಗಲಿಲ್ಲ. ಕ್ಯಾನ್ಸಸ್ ಸಿಟಿ ಚೀಫ್ಸ್ ಬಳಿ ಟೈಮ್‌ಔಟ್‌ಗಳು ಉಳಿದಿದ್ದವು. ಆದ್ದರಿಂದ ಮೈದಾನದೊಳಗೆ ಕೆಡವಿದರೆ ಗಡಿಯಾರ ಓಡುತ್ತದೆ ಎಂಬ ಸೂತ್ರವೇ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಪ್ಯಾಟ್ರಿಕ್ ಮಹೋಮ್ಸ್ ಎರಡು ಎಸೆತಗಳಲ್ಲಿ, ಟೈರೀಕ್ ಹಿಲ್‌ಗೆ 19 ಮತ್ತು ಟ್ರಾವಿಸ್ ಕೆಲ್ಸಿಗೆ 25 ಗಜ, ಒಟ್ಟು 44 ಗಜ ಗಳಿಸಿದರು. ಹ್ಯಾರಿಸನ್ ಬಟ್ಕರ್ 49 ಗಜಗಳ ಫೀಲ್ಡ್ ಗೋಲ್‌ನಿಂದ ಪಂದ್ಯವನ್ನು ಸಮಗೊಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಚೀಫ್ಸ್ 42–36ರಿಂದ ಗೆದ್ದಿತು. ಆ ಅವಧಿಯಲ್ಲಿ ಬಿಲ್ಸ್‌ಗೆ ಚೆಂಡೇ ದೊರೆಯದ ಕಾರಣ, ಪ್ಲೇಆಫ್ ಪಂದ್ಯಗಳ ಹೆಚ್ಚುವರಿ ಅವಧಿಯಲ್ಲಿ ಎರಡೂ ತಂಡಗಳಿಗೆ ಚೆಂಡು ದೊರೆಯುವಂತೆ ಲೀಗ್ ನಿಯಮವನ್ನು ಬದಲಾಯಿಸಿತು. ಮೂರು ಅಂಕಗಳ ಮುನ್ನಡೆಗೆ ಆರೇಳು ಅಂಕಗಳ ಮುನ್ನಡೆಯ ರಕ್ಷಣೆ ಹೊಂದುವುದಿಲ್ಲ ಎಂಬ ಪಾಠವನ್ನು ಈ ಪಂದ್ಯದಿಂದ ಕಲಿಯಬಹುದು.

## ವಿರುದ್ಧ ದಿಕ್ಕಿನ ಉದಾಹರಣೆ

ಎಚ್ಚರಿಕೆಯ ಆಟವನ್ನು ಬಿಟ್ಟು ಆಕ್ರಮಣಕಾರಿಯಾಗಿ ರಕ್ಷಿಸುವುದೂ ಅಪಾಯದಿಂದ ಮುಕ್ತವಲ್ಲ. 2020ರ ಡಿಸೆಂಬರ್ 6ರಂದು, ಆ ಋತುವಿನ ಮೊದಲ 11 ಪಂದ್ಯಗಳನ್ನೂ ಸೋತಿದ್ದ ನ್ಯೂಯಾರ್ಕ್ ಜೆಟ್ಸ್ ತಂಡವು ಲಾಸ್ ವೇಗಸ್ ರೈಡರ್ಸ್ ವಿರುದ್ಧ 28–24ರಿಂದ ಮುಂದಿತ್ತು. ರೈಡರ್ಸ್‌ಗೆ ಟಚ್‌ಡೌನ್ ಅನಿವಾರ್ಯವಾಗಿತ್ತು. 46 ಗಜ ದೂರವಿತ್ತು. 13 ಸೆಕೆಂಡು ಉಳಿದಿತ್ತು. ಪ್ರಿವೆಂಟ್ ಡಿಫೆನ್ಸ್‌ಗೆ ಇದಕ್ಕಿಂತ ಸೂಕ್ತವಾದ ಸಂದರ್ಭ ಇರಲಾರದು. ಆದರೆ ಜೆಟ್ಸ್‌ನ ರಕ್ಷಣಾ ತರಬೇತುದಾರ ಗ್ರೆಗ್ ವಿಲಿಯಮ್ಸ್ ಕ್ವಾರ್ಟರ್‌ಬ್ಯಾಕ್ ಮೇಲೆ ಸಾಮೂಹಿಕವಾಗಿ ಎರಗಲು ಆದೇಶಿಸಿದರು. ಹಿಂಭಾಗದಲ್ಲಿ ಸಹಾಯಕ್ಕೆ ಯಾರೂ ಇರಲಿಲ್ಲ. ಡೆರೆಕ್ ಕಾರ್ ಎಸೆದ ಚೆಂಡನ್ನು ಹೆನ್ರಿ ರಗ್ಸ್ ಹಿಡಿದು ಟಚ್‌ಡೌನ್ ಗಳಿಸಿದರು. ರೈಡರ್ಸ್ 31–28ರಿಂದ ಗೆದ್ದಿತು. ಮರುದಿನವೇ ವಿಲಿಯಮ್ಸ್ ಅವರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು.

## ಆಕ್ರಮಣ ತಂಡದ ಪಾತ್ರ

ಮುನ್ನಡೆಯನ್ನು ಕಾಯುವುದು ರಕ್ಷಣಾ ತಂಡದ ಹೊಣೆ ಮಾತ್ರವಲ್ಲ. ಚೆಂಡು ತನ್ನ ಬಳಿಯೇ ಇದ್ದರೆ ಎದುರಾಳಿ ಅಂಕ ಗಳಿಸುವ ಸಂಭವ ಬಹಳ ಕಡಿಮೆ.

ಎನ್‌ಎಫ್‌ಎಲ್‌ನಲ್ಲಿ ಒಂದು ಆಟ ಮುಗಿದ ಬಳಿಕ ಮುಂದಿನದನ್ನು ಆರಂಭಿಸಲು 40 ಸೆಕೆಂಡುಗಳ ಅವಕಾಶವಿದೆ. ಎದುರಾಳಿಯ ಬಳಿ ಟೈಮ್‌ಔಟ್ ಇಲ್ಲದಿದ್ದರೆ, ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಮೂರು ಬಾರಿ ಮಂಡಿಯೂರಿದರೆ ಸುಮಾರು ಎರಡು ನಿಮಿಷ ಕಳೆದುಹೋಗುತ್ತದೆ. ಈ ಪದ್ಧತಿ ಎಲ್ಲೆಡೆ ರೂಢಿಗೆ ಬರಲು ಕಾರಣವಾದುದು 1978ರ ನವೆಂಬರ್ 19ರ ಪಂದ್ಯ. ನ್ಯೂಯಾರ್ಕ್ ಜೈಂಟ್ಸ್ 17–12ರಿಂದ ಮುಂದಿದ್ದು, ಮಂಡಿಯೂರಿದ್ದರೆ ಪಂದ್ಯ ಮುಗಿಯುತ್ತಿತ್ತು. ಬದಲಿಗೆ ಚೆಂಡನ್ನು ಓಟಗಾರನಿಗೆ ಕೊಡಲು ಹೋಗಿ ಅದು ಕೈಜಾರಿತು. ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಮನ್ ಎಡ್ವರ್ಡ್ಸ್ ಅದನ್ನು ಎತ್ತಿಕೊಂಡು ಓಡಿ ಟಚ್‌ಡೌನ್ ಗಳಿಸಿದರು. ಈಗಲ್ಸ್ 19–17ರಿಂದ ಗೆದ್ದಿತು.

1993ರ ಜನವರಿ 3ರಂದು ಹ್ಯೂಸ್ಟನ್ ಆಯಿಲರ್ಸ್ ಮೂರನೆಯ ಭಾಗದಲ್ಲಿ 35–3ರಿಂದ ಮುಂದಿದ್ದೂ ಬಫಲೋ ಬಿಲ್ಸ್‌ಗೆ 41–38ರಿಂದ ಸೋತಿತು. ಬಿಲ್ಸ್ ಪರವಾಗಿ ಆಡಿದವರು ಬದಲಿ ಕ್ವಾರ್ಟರ್‌ಬ್ಯಾಕ್ ಫ್ರಾಂಕ್ ರೈಕ್. ಆಯಿಲರ್ಸ್‌ನ ಆಕ್ರಮಣವು ಪ್ರಧಾನವಾಗಿ ಎಸೆತವನ್ನು ಅವಲಂಬಿಸಿತ್ತು. ಓಟದ ಮೂಲಕ ಗಡಿಯಾರವನ್ನು ಓಡಿಸಲು ಅದು ತಕ್ಕುದಾಗಿರಲಿಲ್ಲ. 2017ರ ಫೆಬ್ರುವರಿ 5ರ 51ನೇ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28–3ರ ಮುನ್ನಡೆಯನ್ನು ಕಳೆದುಕೊಂಡು ನ್ಯೂ ಇಂಗ್ಲೆಂಡ್‌ಗೆ 34–28ರಿಂದ ಶರಣಾಯಿತು. ನಾಲ್ಕನೆಯ ಭಾಗದಲ್ಲಿ ಫೀಲ್ಡ್ ಗೋಲ್‌ಗೆ ಅನುಕೂಲವಾದ ದೂರದಲ್ಲಿದ್ದಾಗ ಎಸೆಯಲು ಹೋದ ಅಟ್ಲಾಂಟಾ, ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದುದರಿಂದಲೂ ಒಂದು ದಂಡನೆಯಿಂದಲೂ ಹಿಂದೆ ಸರಿದು ಆ ಅವಕಾಶವನ್ನು ಕಳೆದುಕೊಂಡಿತು.

ಅಂಕವನ್ನೇ ಕೊಟ್ಟು ಸಮಯ ಕೊಳ್ಳುವ ಕ್ರಮವೂ ಉಂಟು. 2013ರ ಫೆಬ್ರುವರಿ 3ರ 47ನೇ ಸೂಪರ್ ಬೌಲ್‌ನಲ್ಲಿ 34–29ರಿಂದ ಮುಂದಿದ್ದ ಬಾಲ್ಟಿಮೋರ್ ರೇವನ್ಸ್‌ನ ಸ್ಯಾಮ್ ಕೋಕ್ ತನ್ನದೇ ಎಂಡ್ ಝೋನ್‌ನಲ್ಲಿ ಚೆಂಡು ಹಿಡಿದು ಓಡಾಡಿ, 8 ಸೆಕೆಂಡು ಕಳೆದ ಬಳಿಕ ಗೆರೆಯಾಚೆ ಹೋದರು. ಎದುರಾಳಿಗೆ 2 ಅಂಕ ದೊರೆತರೂ ಉಳಿದದ್ದು 4 ಸೆಕೆಂಡು ಮಾತ್ರ. ಪಂದ್ಯ 34–31ಕ್ಕೆ ಮುಗಿಯಿತು.

## ಇಂದಿನ ಪ್ರವೃತ್ತಿ

ಐವರು ಬ್ಯಾಕ್‌ಗಳ ನಿಕಲ್ ವಿನ್ಯಾಸವು ಇಂದು ಎನ್‌ಎಫ್‌ಎಲ್ ತಂಡಗಳ ಸಾಮಾನ್ಯ ವಿನ್ಯಾಸವೇ ಆಗಿಬಿಟ್ಟಿದೆ. ಆದ್ದರಿಂದ ಹೆಚ್ಚು ಬ್ಯಾಕ್‌ಗಳಿರುವುದೊಂದೇ ಪ್ರಿವೆಂಟ್ ಡಿಫೆನ್ಸ್‌ನ ಗುರುತಲ್ಲ. ರಕ್ಷಕರು ಎಷ್ಟು ಹಿಂದೆ ನಿಂತಿದ್ದಾರೆ, ಎಷ್ಟು ಮಂದಿ ಎರಗುತ್ತಿದ್ದಾರೆ ಎಂಬುದರಿಂದ ಅದನ್ನು ಗುರುತಿಸಬೇಕು. ಅನೇಕ ತರಬೇತುದಾರರು ಪೂರ್ಣ ಪ್ರಿವೆಂಟ್ ವಿನ್ಯಾಸವನ್ನು ಕೊನೆಯ ಒಂದೆರಡು ಆಟಗಳಿಗೆ ಮೀಸಲಿಟ್ಟು, ಅದಕ್ಕೂ ಮುಂಚಿನ ನಿಮಿಷಗಳಲ್ಲಿ ನಾಲ್ವರಿಂದ ಎರಗಿಸುತ್ತ, ಪಕ್ಕದ ಗೆರೆಗಳನ್ನು ಬಿಗಿಯಾಗಿ ಕಾಯುವ ಮಧ್ಯಮ ಮಾರ್ಗವನ್ನು ಅನುಸರಿಸುತ್ತಾರೆ.

ಹೀಗೆ ಪ್ರಿವೆಂಟ್ ಡಿಫೆನ್ಸ್ ಒಂದು ಸಿದ್ಧ ಉತ್ತರವಲ್ಲ. ಮುನ್ನಡೆಯ ಗಾತ್ರ, ಉಳಿದ ಸಮಯ, ಎದುರಾಳಿಯ ಬಳಿಯಿರುವ ಟೈಮ್‌ಔಟ್‌ಗಳು ಹಾಗೂ ಕ್ರಮಿಸಬೇಕಾದ ದೂರ ಎಂಬ ನಾಲ್ಕು ಅಂಶಗಳು ಹೊಂದಿಕೊಂಡಾಗ ಅದು ಫಲಕಾರಿ; ಅವುಗಳಲ್ಲಿ ಒಂದು ಬದಲಾದರೂ ಅದೇ ವಿನ್ಯಾಸವು ಎದುರಾಳಿಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ.